ಪಿಎಚ್‌ಸಿಯಾ, ತಾಲ್ಲೂಕು ಆಸ್ಪತ್ರೆಯಾ, ಊರ ಡಾಕ್ಟರ ಕ್ಲಿನಿಕ್ಕಾ? ಇಂಟರ್ನ್‌ಗಳು ಜನರ ನಡುವೆ ಡಾಕ್ಟರಿಕೆ ಕಲಿಯಲು ಎಲ್ಲಿಗೆ ಹೋಗಬೇಕು

ಎಂಬಿಬಿಎಸ್ ಓದಿನ ಕೊನೆಗೆ ಒಂದು ವರ್ಷ ಆಸ್ಪತ್ರೆಗಳಲ್ಲಿ ಕೆಲಸ ಕಲಿಯುವ ಇಂಟರ್ನ್‌ಶಿಪ್ ಶುರುವಾಗುವ ಹೊತ್ತಿಗೆ ಪ್ರತಿವರ್ಷ ನನಗೆ ನಾಲ್ಕೈದು ಫೋನ್ ಬರುತ್ತವೆ. ಪರಿಚಯದವರ ಮಗಳು, ಹಳೇ ಪೇಷಂಟಿನ ಮೊಮ್ಮಗ, ಹೀಗೆ ಯಾರೋ ಒಬ್ಬರು. ಪ್ರಶ್ನೆ ಮಾತ್ರ ಒಂದೇ. "ಸಾರ್, ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್‌ಗೆ ಪಿಎಚ್‌ಸಿ ಕೇಳಲಾ, ತಾಲ್ಲೂಕು ಆಸ್ಪತ್ರೆ ಕೇಳಲಾ?" ಪಿಎಚ್‌ಸಿ ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್ ಅಂದರೆ ಜನರ ನಡುವೆ ಹೋಗಿ ಕಲಿಯುವ ಅವಧಿ. ಕೆಲವರು ಇನ್ನೂ ನೇರ. "ಓದೋಕೆ ಟೈಮ್ ಎಲ್ಲಿ ಜಾಸ್ತಿ ಸಿಗುತ್ತೆ ಸಾರ್?" ಅವರ ಮೇಲೆ ನನಗೆ ಕೋಪ ಇಲ್ಲ. ಪಿಜಿ ಪರೀಕ್ಷೆ ತಲೆ ಮೇಲೆ ಕೂತಿರುತ್ತದೆ, ಮನೆಯಲ್ಲೂ ಅದನ್ನೇ ಕೇಳುತ್ತಾರೆ. ಆದರೆ ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ಮೂರು ವರ್ಷ ಪಿಎಚ್‌ಸಿಯಲ್ಲಿದ್ದೆ, ಒಂದು ವರ್ಷ ಕಾಡಂಚಿನ ಆಸ್ಪತ್ರೆಯಲ್ಲಿದ್ದೆ, ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಒಂದು ತಾಲ್ಲೂಕು ಕೇಂದ್ರದಲ್ಲಿ ಜನರಲ್ ಪ್ರಾಕ್ಟೀಸ್ ಮಾಡಿಕೊಂಡಿದ್ದೇನೆ. ಎಲ್ಲಾ ಕಡೆಯ ರುಚಿ ಗೊತ್ತು.

ಮೊದಲು ಲೆಕ್ಕ ನೋಡೋಣ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಕಮ್ಯುನಿಟಿ ಮೆಡಿಸಿನ್‌ಗೆ 12 ವಾರ ಇದೆ. ಮೆಡಿಸಿನ್‌ಗೆ 6, ಸರ್ಜರಿಗೆ 6. ಅಂದರೆ ಬೇರೆ ಯಾವ ವಿಭಾಗಕ್ಕೂ ಕೊಡದಷ್ಟು ದಿನ ಇದಕ್ಕೆ ಕೊಟ್ಟಿದ್ದಾರೆ. ಇದು ಹೊಸ ಯೋಚನೆಯೇನಲ್ಲ. ಡಾಕ್ಟರಾಗುವವರು ಜನರ ನಡುವೆ ಮೂರು ತಿಂಗಳು ಕಲಿಯಬೇಕು ಅಂತ ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ನೋಡಲು ನೇಮಿಸಿದ್ದ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಇವತ್ತಿನ 12 ವಾರ ಹೆಚ್ಚುಕಡಿಮೆ ಅಷ್ಟೇ ಆಯಿತು. ಆದರೂ ಹೆಚ್ಚಿನ ಹುಡುಗರಿಗೆ ಆ 12 ವಾರ ಅಂದರೆ ರಜೆ. ಸಹಿ ಹಾಕು, ಬಾ, ಓದು.

ನಾನೂ ಹಾಗೇ ಕಳೆದೆ. ನಮ್ಮ ಕಾಲೇಜಿನ ವ್ಯಾನು ಬೆಳಿಗ್ಗೆ ಹತ್ತಕ್ಕೆ ನಮ್ಮನ್ನು ಒಂದು ಹಳ್ಳಿಯ ಆರೋಗ್ಯ ಕೇಂದ್ರದ ಮುಂದೆ ಇಳಿಸುತ್ತಿತ್ತು, ಒಂದು ಗಂಟೆಗೆ ವಾಪಸ್ ಕರೆದುಕೊಂಡು ಹೋಗುತ್ತಿತ್ತು. ಒಂದು ದಿನ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಕೆಮ್ಮು ಅಂತ ಬಂದರು. ಎಷ್ಟು ದಿನದಿಂದ ಅಂತ ಕೇಳಿದೆನಾ? ನೆನಪಿಲ್ಲ. ಸಿರಪ್ ಕೊಟ್ಟೆ, ವ್ಯಾನು ಬಂತು, ಹೊರಟೆ. ಎರಡು ತಿಂಗಳಾದ ಮೇಲೆ ಕಾಲೇಜು ಆಸ್ಪತ್ರೆಯ ಟಿಬಿ ವಾರ್ಡಿನಲ್ಲಿ ಅವರನ್ನು ನೋಡಿದೆ. ಕೆನ್ನೆ ಒಳಗೆ ಹೋಗಿತ್ತು. ಅವರು ನನ್ನ ಗುರುತು ಹಿಡಿದು "ನೀವೇ ಅಲ್ವಾ ಔಷಧಿ ಕೊಟ್ಟಿದ್ದು" ಅಂತ ನಕ್ಕರು. ವಾರಗಟ್ಟಲೆ ಬಿಡದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಅನ್ನುವುದು ನನಗೆ ಬಾಯಿಪಾಠ ಬರುತ್ತಿತ್ತು. ಅವರನ್ನು ನಾನು ಮುಂದಿನ ವಾರ ಮತ್ತೆ ನೋಡಿದ್ದರೆ, ಸಿರಪ್ ಕುಡಿದರೂ ಕೆಮ್ಮು ಹೋಗಿಲ್ಲ ಅಂತ ಅವರು ನನ್ನ ಎದುರು ಕೂತಿದ್ದರೆ, ಆ ಬಾಯಿಪಾಠ ನೆನಪಿಗೆ ಬರುತ್ತಿತ್ತು.

ಅವತ್ತಿನಿಂದ ನನ್ನ ಅಳತೆ ಇದು. ನೀವು ನೋಡಿ ಕಳಿಸಿದ ರೋಗಿ ಎರಡನೇ ಸಲ ನಿಮ್ಮ ಹತ್ತಿರವೇ ಬರುವ ಜಾಗ ಯಾವುದು? ಅದನ್ನು ಆರಿಸಿಕೊಳ್ಳಿ. ಮೆಡಿಕಲ್ ಕಾಲೇಜಿನ ವಾರ್ಡಿನಲ್ಲಿ ಡಿಸ್ಚಾರ್ಜ್ ಆದ ಮನುಷ್ಯ ಏನಾದ ಅಂತ ಗೊತ್ತಾಗುವುದೇ ಇಲ್ಲ. ಕೊಟ್ಟ ಮಾತ್ರೆ ನುಂಗಿದನಾ, ವಾಂತಿಯಾಯಿತಾ, ದುಡ್ಡು ಮುಗಿದು ಅರ್ಧಕ್ಕೇ ಬಿಟ್ಟನಾ, ಯಾವುದೂ ನಮ್ಮ ಕಿವಿಗೆ ಬೀಳುವುದಿಲ್ಲ. ಜನರಲ್ ಪ್ರಾಕ್ಟೀಸ್ ಅನ್ನುವುದು ಶುರುವಾಗುವುದೇ ಎರಡನೇ ಭೇಟಿಯಿಂದ. ಇದರ ಜೊತೆ ಇನ್ನೆರಡು ನೋಡಿ: ಪಕ್ಕದಲ್ಲಿ ಕೂತು ಹೇಳಿಕೊಡುವವರು ಇದ್ದಾರಾ, ರೋಗಿಯ ಮನೆ ತನಕ ಹೋಗಲು ಆಗುತ್ತದಾ.

ಪಿಎಚ್‌ಸಿ

ನನ್ನ ಮೊದಲ ಓಟು ಇದಕ್ಕೆ. ಬಯಲು ಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ ಅನ್ನುವುದು ಲೆಕ್ಕ. ಅದರ ಕೆಳಗೆ ಉಪಕೇಂದ್ರಗಳು, ಸಾವಿರ ಜನಕ್ಕೆ ಒಬ್ಬರು ಆಶಾ. ಇಷ್ಟು ಜನ ಅಂದರೆ ಎರಡು ತಿಂಗಳಲ್ಲಿ ಮುಖ ಪರಿಚಯ ಆಗುವಷ್ಟು. ಬಿಪಿ ಮಾತ್ರೆಗೆ ಬಂದ ಅಜ್ಜ ತಿಂಗಳಿಗೆ ಸರಿಯಾಗಿ ಮತ್ತೆ ಬರಲೇಬೇಕು, ಯಾಕಂದರೆ ಮಾತ್ರೆ ಕೊಟ್ಟಿರುವುದೇ ತಿಂಗಳಿಗಾಗುವಷ್ಟು. ಗುರುವಾರ ಲಸಿಕೆಗೆ ಬಂದ ತಾಯಿ ಮುಂದಿನ ಡೋಸಿಗೆ ಮತ್ತೆ ಬರುತ್ತಾಳೆ. ಪ್ರತಿ ತಿಂಗಳು 9ನೇ ತಾರೀಖು ಬಸುರಿಯರ ತಪಾಸಣೆ ಇರುತ್ತದೆ, 2016ರಿಂದ ನಡೆದುಕೊಂಡು ಬಂದಿದೆ. ಆ ದಿನ ತಾಯಿ ಕಾರ್ಡಿನಲ್ಲಿ ಹಿಂದಿನ ತಿಂಗಳ ಹಿಮೋಗ್ಲೋಬಿನ್ ಎಷ್ಟಿತ್ತು, ಈ ತಿಂಗಳು ಎಷ್ಟಾಗಿದೆ ಅಂತ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಕಬ್ಬಿಣದ ಮಾತ್ರೆ ಹೊಟ್ಟೆಗೆ ಹೋಗುತ್ತಿದೆಯೋ ಅಟ್ಟಕ್ಕೆ ಹೋಗುತ್ತಿದೆಯೋ ಗೊತ್ತಾಗುತ್ತದೆ.

ನಮ್ಮೂರಿನ ಹತ್ತಿರದ ಪಿಎಚ್‌ಸಿಯಲ್ಲಿ ಒಬ್ಬ ಹುಡುಗಿ ಇಂಟರ್ನ್ ಇದ್ದಳು. ಚುರುಕು. ಒಂದು ಸಂಜೆ ಬೇಜಾರಲ್ಲಿ ನನ್ನ ಕ್ಲಿನಿಕ್ಕಿಗೆ ಬಂದಳು. ಅರವತ್ತು ದಾಟಿದ ಯಜಮಾನರೊಬ್ಬರು ಇನ್ಸುಲಿನ್ ಮೇಲಿದ್ದಾರೆ, ಖಾಲಿ ಹೊಟ್ಟೆಯ ಶುಗರ್ 280ರ ಕೆಳಗೆ ಇಳಿಯುತ್ತಿಲ್ಲ, ಮೆಡಿಕಲ್ ಆಫೀಸರನ್ನು ಕೇಳಿ ಎರಡು ಸಲ ಡೋಸ್ ಏರಿಸಿದ್ದಾಯಿತು, ಚುಚ್ಚುವುದನ್ನೂ ಎದುರಿಗೇ ಮಾಡಿಸಿ ನೋಡಿದ್ದಾಳೆ, ಸರಿಯಾಗೇ ಚುಚ್ಚಿಕೊಳ್ಳುತ್ತಾರೆ. ಇನ್ನೇನು ಮಾಡಲಿ ಅಂತ ಕೇಳಿದಳು. ಮನೆಗೆ ಹೋಗಿ ಬಾ ಅಂದೆ. ಮಾರನೇ ದಿನ ಆಶಾ ಅಕ್ಕನ ಜೊತೆ ಹೋದಳು. ಎರಡು ಕೋಣೆಯ ಮನೆ, ಫ್ರಿಜ್ ಇಲ್ಲ. ಇನ್ಸುಲಿನ್ ಎಲ್ಲಿಡುತ್ತೀರಿ ಯಜಮಾನ್ರೇ ಅಂದರೆ, "ಅಂಗಡೀಲಿ ಇಟ್ಟಿದೀನಿ ಕಣಮ್ಮ, ತಣ್ಣಗಿರ್ಬೇಕು ಅಂದಿದ್ರಲ್ಲ" ಅಂದರು. ಬೀದಿ ಕೊನೆಯ ಕಿರಾಣಿ ಅಂಗಡಿಯ ಫ್ರೀಜರ್ ತೆಗೆದರೆ ಐಸ್‌ಕ್ಯಾಂಡಿಗಳ ನಡುವೆ ಆ ಬಾಟಲಿ. ಗಟ್ಟಿಯಾಗಿ ಮಂಜುಗಡ್ಡೆ ಕಟ್ಟಿತ್ತು. ಪ್ರತಿ ದಿನ ಬೆಳಿಗ್ಗೆ ಅಂಗಡಿಯವರು ಅದನ್ನು ತೆಗೆದು ಕೊಡುವುದು, ಯಜಮಾನರು ಅಂಗೈಯಲ್ಲಿ ಉಜ್ಜಿ ಕರಗಿಸಿ ಚುಚ್ಚಿಕೊಂಡು ವಾಪಸ್ ಇಡುವುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ಅವರು ಹೇಳಿದ್ದನ್ನೆಲ್ಲ ತಪ್ಪದೇ ಪಾಲಿಸಿದ್ದರು, ಪಾಪ.

ಆ ಹುಡುಗಿ ಮುಂದೆ ಮಾಡಿದ್ದು ನೋಡಿ. ಹೊಸ ಬಾಟಲಿ ತರಿಸಿದಳು. ಒಂದು ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಕುಡಿಕೆ ಇಟ್ಟು, ಕುಡಿಕೆಯಲ್ಲಿ ಬಾಟಲಿ ಇಡುವುದನ್ನು ಮನೆಯವರಿಗೆ ತೋರಿಸಿಕೊಟ್ಟಳು. ಎಲ್ಲಕ್ಕಿಂತ ಮುಖ್ಯವಾಗಿ, ಏರಿಸಿದ್ದ ಡೋಸನ್ನು ಮೊದಲಿನ ಮಟ್ಟಕ್ಕೆ ಇಳಿಸಿಸಿದಳು. ಏರಿಸಿದ್ದು ಕೆಟ್ಟುಹೋದ ಇನ್ಸುಲಿನ್ ಲೆಕ್ಕದಲ್ಲಿ. ಹೊಸ ಬಾಟಲಿಯನ್ನು ಅದೇ ಡೋಸಿನಲ್ಲಿ ಚುಚ್ಚಿದ್ದರೆ ಶುಗರ್ ಪಾತಾಳಕ್ಕೆ ಇಳಿದು ಯಜಮಾನರು ಹೊಲದಲ್ಲೇ ಬಿದ್ದಿರುತ್ತಿದ್ದರು. ಇದನ್ನು ಯಾವ ಲೆಕ್ಚರ್ ಹಾಲಿನಲ್ಲಿ ಕಲಿಸಲು ಆಗುತ್ತದೆ ಹೇಳಿ?

ಇನ್ನೊಂದು ಮಾತು. ಮಾನಸಿಕ ಕಾಯಿಲೆ, ಮೂರ್ಛೆ ರೋಗ ಅಂದರೆ ಸ್ಪೆಷಲಿಸ್ಟ್ ಹತ್ತಿರವೇ ಹೋಗಬೇಕು ಅಂತ ಹುಡುಗರು ಅಂದುಕೊಂಡಿರುತ್ತಾರೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪಿಎಚ್‌ಸಿ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಲ್ಲೇ ಚಿಕಿತ್ಸೆ ಕೊಡಿಸಿ ತೋರಿಸಿದರು. ಅದೇ ಮಾದರಿ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ರಾಜ್ಯದ ಪಿಎಚ್‌ಸಿಯಿಂದ ದೇಶ ಕಲಿತ ಪಾಠ ಅದು. ಹಾಗೇ ಮಲೆನಾಡಿನ ಕಡೆ ಪೋಸ್ಟಿಂಗ್ ಬಿದ್ದರೆ ಬೇಸಿಗೆಯ ಜ್ವರವನ್ನು ಬೇರೆ ಕಣ್ಣಲ್ಲಿ ನೋಡುವುದು ಬರುತ್ತದೆ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿಗೆ ಹೋಗಿದ್ರಾ, ಮಂಗ ಸತ್ತಿದ್ದು ಕಂಡಿರಾ ಅಂತ ಜ್ವರದವರನ್ನು ಕೇಳುವುದು ಅಲ್ಲಿನ ಸಿಸ್ಟರ್‌ಗೆ ಗೊತ್ತು, ಹೊಸದಾಗಿ ಬಂದ ಇಂಟರ್ನ್‌ಗೆ ಗೊತ್ತಿರುವುದಿಲ್ಲ.

ಪಿಎಚ್‌ಸಿಯ ತೊಂದರೆಗಳನ್ನೂ ಹೇಳುತ್ತೇನೆ. ಎಲ್ಲಾ ಪಿಎಚ್‌ಸಿ ಒಂದೇ ಥರ ಇರುವುದಿಲ್ಲ. ಕೆಲವು ಕಡೆ ಮೆಡಿಕಲ್ ಆಫೀಸರಿಗೆ ವಾರದಲ್ಲಿ ಮೂರು ದಿನ ಮೀಟಿಂಗ್, ಉಳಿದ ದಿನ ರಿಪೋರ್ಟು. ಹೇಳಿಕೊಡಲು ಮನಸ್ಸಿದ್ದರೂ ಪುರುಸೊತ್ತಿರುವುದಿಲ್ಲ. ಕೆಲವು ಕಡೆ ಇಂಟರ್ನ್ ಬಂದರೆ ಆಫೀಸರ್ ಓಪಿಡಿ (ಹೊರರೋಗಿಗಳನ್ನು ನೋಡುವ ವಿಭಾಗ) ಪೂರ್ತಿ ಅವರ ಕೈಗೆ ಕೊಟ್ಟು ಎದ್ದುಬಿಡುತ್ತಾರೆ. ಇದು ತಪ್ಪು. ನಿಮಗೂ ಅಪಾಯ, ರೋಗಿಗೂ ಅಪಾಯ. ಹಾಗಾಗಿ ಹೋಗುವ ಮೊದಲು ಹಿಂದಿನ ಬ್ಯಾಚಿನವರನ್ನು ಕೇಳಿ: ಆಫೀಸರ್ ಓಪಿಡಿಯಲ್ಲಿ ಕೂರುತ್ತಾರಾ, ಪ್ರಶ್ನೆ ಕೇಳಿದರೆ ಸಿಡುಕುತ್ತಾರಾ, ಉಳಿದುಕೊಳ್ಳಲು ಕ್ವಾರ್ಟರ್ಸ್ ಇದೆಯಾ. ಹೆಣ್ಣುಮಕ್ಕಳು ಇನ್ನೂ ಬಿಡಿಸಿ ಕೇಳಬೇಕು. ಬಾಗಿಲಿಗೆ ಒಳಗಿಂದ ಚಿಲಕ ಇದೆಯಾ, ಶೌಚಾಲಯಕ್ಕೆ ನೀರು ಬರುತ್ತಾ, ರಾತ್ರಿ ಪಕ್ಕದಲ್ಲಿ ಯಾರಿರುತ್ತಾರೆ. ಇದನ್ನು ಕೇಳಲು ಸಂಕೋಚ ಬೇಡ. ಉಳಿಯಲು ಸರಿಯಾದ ಜಾಗ ಕೊಡುವುದು ಕಳಿಸುವವರ ಜವಾಬ್ದಾರಿ.

ಕಾಲೇಜಿನವರೇ ನಡೆಸುವ ಗ್ರಾಮೀಣ ತರಬೇತಿ ಕೇಂದ್ರ ಸಿಕ್ಕರೆ ಅದೂ ಒಳ್ಳೆಯದೇ, ಅಲ್ಲೇ ಉಳಿಯುವುದಾದರೆ. ಹೇಳಿಕೊಡುವವರು ಇರುತ್ತಾರೆ ಅನ್ನುವುದು ಅಲ್ಲಿನ ಲಾಭ. ವ್ಯಾನಿನಲ್ಲಿ ಹೋಗಿ ವ್ಯಾನಿನಲ್ಲಿ ಬರುವುದಾದರೆ ನನ್ನ ಕಥೆ ಆಗಲೇ ಹೇಳಿದೆ.

ತಾಲ್ಲೂಕು ಆಸ್ಪತ್ರೆ

ಕೈಗೆ ಧೈರ್ಯ ಬರಬೇಕು ಅಂದರೆ ಇಲ್ಲಿಗೆ ಹೋಗಿ. ಹೆರಿಗೆ, ಗಾಯ ಹೊಲಿಯುವುದು, ವಿಷ ಕುಡಿದವರು, ಬೈಕಿನಿಂದ ಬಿದ್ದವರು, ಮಗುವಿನ ಫಿಟ್ಸ್, ಎಲ್ಲಾ ಬರುತ್ತದೆ. ಮೆಡಿಕಲ್ ಕಾಲೇಜಿನಲ್ಲಿ ಇಂಟರ್ನ್ ಸರತಿಯಲ್ಲಿ ನಾಲ್ಕನೆಯವನು. ಇಲ್ಲಿ ಎರಡನೆಯವನು.

ಹಾವು ಕಡಿದವರನ್ನು ನೋಡುವುದು ಕಲಿಯಬೇಕಾದರೂ ಇದೇ ಜಾಗ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು. ರಾತ್ರಿ ಒಂಬತ್ತಕ್ಕೆ ಹೊಲಕ್ಕೆ ನೀರು ಕಟ್ಟಲು ಹೋದ ಹುಡುಗನನ್ನು ಹೊತ್ತು ತರುತ್ತಾರೆ, ಜೊತೆಗೆ ಇಪ್ಪತ್ತು ಜನ, ಎಲ್ಲರೂ ಒಟ್ಟಿಗೆ ಮಾತಾಡುತ್ತಿರುತ್ತಾರೆ. ಆಗ ನೀವು ಮಾಡಬೇಕಾದ ಕೆಲಸ ಬಹಳ ಚಿಕ್ಕದು. ಒಣಗಿದ, ಚೊಕ್ಕವಾದ ಗಾಜಿನ ಟ್ಯೂಬಿಗೆ ಎರಡು ಮೂರು ಎಂಎಲ್ ರಕ್ತ ತೆಗೆದು, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಡುವುದು. ಆಮೇಲೆ ಒಮ್ಮೆ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ವಿಷ ರಕ್ತಕ್ಕೆ ಏರಿದೆ ಅಂತ. ಟ್ಯೂಬು ಪ್ಲಾಸ್ಟಿಕ್ಕಿನದಾದರೆ, ಸೋಪಿನಲ್ಲಿ ತೊಳೆದದ್ದಾದರೆ, ಯಾರೋ ಆತುರಕ್ಕೆ ಮಧ್ಯೆ ಅಲ್ಲಾಡಿಸಿದರೆ ಪರೀಕ್ಷೆ ಕೆಟ್ಟಿತು. ಆ ಇಪ್ಪತ್ತು ನಿಮಿಷ ಗಡಿಯಾರ ನೋಡುತ್ತಾ, ಹುಡುಗನ ಕಣ್ಣುರೆಪ್ಪೆ ಜೋಲುತ್ತಿದೆಯಾ ಅಂತ ಗಮನಿಸುತ್ತಾ, ಅವನ ತಾಯಿಗೆ ಸಮಾಧಾನ ಹೇಳುತ್ತಾ ನಿಲ್ಲುವುದನ್ನು ಕಲಿತವರು ಮುಂದೆ ಯಾವ ಎಮರ್ಜೆನ್ಸಿಗೂ ಅಷ್ಟು ಹೆದರುವುದಿಲ್ಲ.

ಆದರೆ ನನ್ನ ಅಳತೆಗೆ ಹಾಕಿದರೆ ತಾಲ್ಲೂಕು ಆಸ್ಪತ್ರೆ ಎರಡನೇ ಸ್ಥಾನಕ್ಕೆ ಇಳಿಯುತ್ತದೆ. ಓಪಿಡಿಯಲ್ಲಿ ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಇವತ್ತು ನೋಡಿದವರು ಮುಂದಿನ ವಾರ ಬಂದರೂ ಪಕ್ಕದ ಟೇಬಲ್ಲಿಗೆ ಹೋಗುತ್ತಾರೆ. ಹುಷಾರಾದವರು ಬರುವುದಿಲ್ಲ, ಆಗದವರು ಜಿಲ್ಲಾ ಆಸ್ಪತ್ರೆಗೆ ಹೋಗುತ್ತಾರೆ. ನೀವು ಮಾಡಿದ್ದು ಸರಿಯಾಯಿತಾ ತಪ್ಪಾಯಿತಾ ಗೊತ್ತಾಗದೇ ದಿನ ಕಳೆಯುತ್ತದೆ. ಅದಕ್ಕೆ ನಾನು ಹೇಳುವುದು, ಬರೀ ತಾಲ್ಲೂಕು ಆಸ್ಪತ್ರೆಯಲ್ಲೇ ಮುಗಿಸಬೇಡಿ. ಎರಡನ್ನೂ ಹಂಚಿಕೊಳ್ಳಲು ಅವಕಾಶ ಕೊಟ್ಟರೆ ಎಂಟು ವಾರ ಪಿಎಚ್‌ಸಿ, ನಾಲ್ಕು ವಾರ ತಾಲ್ಲೂಕು. ಎರಡೆರಡು ವಾರಕ್ಕೆ ಜಾಗ ಬದಲಿಸುವ ಪದ್ಧತಿ ಇದ್ದರೆ ಅದನ್ನು ಬದಲಿಸಿ ಅಂತ ವಿಭಾಗದವರನ್ನು ಕೇಳಿಕೊಳ್ಳಿ. ಎರಡು ವಾರದಲ್ಲಿ ಯಾವ ರೋಗಿಯೂ ವಾಪಸ್ ಬರುವುದಿಲ್ಲ.

ಊರ ಡಾಕ್ಟರ ಕ್ಲಿನಿಕ್

ಇಂಟರ್ನ್‌ಶಿಪ್ ಲೆಕ್ಕಕ್ಕೆ ಇದು ಬರುವುದಿಲ್ಲ. ರಜೆಯಲ್ಲೋ, ಇಂಟರ್ನ್‌ಶಿಪ್ ಮುಗಿದ ಮೇಲೋ ಹೋಗಿ ಕೂರಬೇಕು. ಆದರೂ ಹೋಲಿಕೆಗೆ ಸೇರಿಸುತ್ತಿದ್ದೇನೆ, ಯಾಕಂದರೆ ಜನರಲ್ ಪ್ರಾಕ್ಟೀಸ್ ಕಲಿಯಬೇಕು ಅನ್ನುವವರು ಜನರಲ್ ಪ್ರಾಕ್ಟೀಸ್ ನಡೆಯುವ ಜಾಗವನ್ನೇ ನೋಡದಿದ್ದರೆ ಹೇಗೆ?

ಇಲ್ಲಿ ಬರುವ ಕಾಯಿಲೆಗೆ ಹೆಸರಿರುವುದಿಲ್ಲ. "ಸುಸ್ತು ಡಾಕ್ಟ್ರೇ", "ಒಳಜ್ವರ", "ಉಷ್ಣ ಆಗಿದೆ", "ಎದೇಲಿ ಒಂಥರಾ ಸಂಕಟ", "ಗ್ಯಾಸ್ ಮೇಲಕ್ಕೆ ಹೊಡೀತಿದೆ". ಹುಬ್ಬಳ್ಳಿ ಕಡೆ ಹೋದರೆ "ಆರಾಮಿಲ್ರಿ" ಅಂತ ಶುರು. ಈ ಮಾತುಗಳನ್ನು ಪಠ್ಯಪುಸ್ತಕದ ಕಾಯಿಲೆಗೆ ಜೋಡಿಸುವುದೇ ನಮ್ಮ ಕೆಲಸದ ಅರ್ಧ. "ಗ್ಯಾಸ್" ಅನ್ನುವ ಐವತ್ತರ ಗಂಡಸಿಗೆ ಮೊದಲು ಇಸಿಜಿ ಮಾಡಬೇಕು. "ಸುಸ್ತು" ಅನ್ನುವ ಹೊಸ ಸೊಸೆಗೆ ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಮನೆಯಲ್ಲಿ ಮಾತಾಡಲು ಯಾರೂ ಇಲ್ಲದಿರಬಹುದು. ಬಿಳಿ ಸೆರಗು ಅಂತ ಹೇಳಲು ನಾಚಿಕೆಪಟ್ಟು ಸೊಂಟ ನೋವು ಅಂತ ಬಂದಿರುತ್ತಾರೆ, ಜೊತೆಗೆ ಅತ್ತೆ ನಿಂತಿರುತ್ತಾರೆ. "ಅಮ್ಮ, ನೀವು ಸ್ವಲ್ಪ ಹೊರಗೆ ಕೂತಿರಿ" ಅಂತ ಅತ್ತೆಗೆ ಬೇಜಾರಾಗದ ಹಾಗೆ ಹೇಳುವುದು ಹೇಗೆ ಅನ್ನುವುದನ್ನು ನಾನು ಕಲಿತದ್ದು ಒಬ್ಬ ಹಿರಿಯ ಊರ ಡಾಕ್ಟರನ್ನು ನೋಡಿ. ಅವರು ಅತ್ತೆಗೆ ಏನಾದರೂ ಒಂದು ಕೆಲಸ ಕೊಡುತ್ತಿದ್ದರು. ತೂಕ ನೋಡಿಸಿಕೊಂಡು ಬನ್ನಿ ಅಂತಲೋ, ನಿಮ್ಮ ಬಿಪಿ ಚೆಕ್ ಮಾಡಿಸಿ ಅಂತಲೋ.

ಎರಡನೇ ಭೇಟಿ ವಿಷಯಕ್ಕೆ ಬಂದರೆ ಊರ ಕ್ಲಿನಿಕ್ಕಿಗೆ ಸರಿಸಾಟಿ ಇಲ್ಲ. ನನ್ನ ಹತ್ತಿರ ನಾಲ್ಕನೇ ತಲೆಮಾರು ಬರುತ್ತಿದೆ. ಅಜ್ಜನಿಗೆ ಶುಗರ್ ಇತ್ತು ಅಂತ ನಾನೇ ನೋಡಿರುವುದರಿಂದ ಮೊಮ್ಮಗನಿಗೆ ಮೂವತ್ತಕ್ಕೇ ಚೆಕ್ ಮಾಡಿಸು ಅಂತ ಹೇಳಬಹುದು.

ಆದರೆ ಎಚ್ಚರ. ಕೆಟ್ಟ ಕ್ಲಿನಿಕ್ಕಿನಲ್ಲಿ ಒಂದು ತಿಂಗಳು ಕೂತರೆ ಹತ್ತು ವರ್ಷದ ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ. ಬಂದವರಿಗೆಲ್ಲ ಒಂದು ಸೂಜಿ, ನೆಗಡಿಗೂ ಆಂಟಿಬಯೋಟಿಕ್, ಬೇಗ ಹುಷಾರಾದಂತೆ ಕಾಣಲಿ ಅಂತ ಸ್ಟಿರಾಯ್ಡ್, ಸುಸ್ತಿಗೆ ಗ್ಲೂಕೋಸ್ ಬಾಟಲಿ. ಇಂಥ ಕಡೆ ಜನ ತುಂಬಿರುತ್ತಾರೆ, ಅದನ್ನು ನೋಡಿ ಮೋಸ ಹೋಗಬೇಡಿ. ಒಂದು ದಿನ ಸುಮ್ನೆ ಕೂತು ನೋಡಿ. ಡಾಕ್ಟರು ರೋಗಿಯನ್ನು ಮುಟ್ಟಿ ಪರೀಕ್ಷೆ ಮಾಡುತ್ತಾರಾ? ಸೂಜಿ ಬೇಕೇ ಬೇಕು ಅಂದವರಿಗೆ ಬೇಡ ಅಂತ ಹೇಳಿ ಕಳಿಸುವ ಧೈರ್ಯ ಇದೆಯಾ? ಚೀಟಿ ಬರೆದು ಕೊಡುತ್ತಾರಾ, ಇಲ್ಲ ಹೆಸರಿಲ್ಲದ ಪೊಟ್ಟಣ ಕಟ್ಟಿ ಕೊಡುತ್ತಾರಾ? ನನ್ನಿಂದ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಅಂತ ದಿನಕ್ಕೆ ಒಬ್ಬರಿಗಾದರೂ ಹೇಳುತ್ತಾರಾ? ಇಷ್ಟಕ್ಕೂ ಹೌದು ಅಂತ ಬಂದರೆ ಅಂಥವರ ಕಾಲ ಬುಡದಲ್ಲಿ ಕೂತು ಕಲಿಯಿರಿ. ಕೂತು ನೋಡಿ, ಕೇಳಿ. ನೀವಾಗಿ ಚಿಕಿತ್ಸೆ ಕೊಡಲು ಹೋಗಬೇಡಿ.

ಕಾಡಂಚಿನ ಆಸ್ಪತ್ರೆಗಳು

ಒಂದು ತಿಂಗಳಾದರೂ ಬಿಡುವು ಮಾಡಿಕೊಳ್ಳಲು ಆಗುವವರಿಗೆ, ಅಥವಾ ಎಂಬಿಬಿಎಸ್ ಮುಗಿಸಿ ಒಂದು ವರ್ಷ ಎಲ್ಲಾದರೂ ನಿಲ್ಲೋಣ ಅನ್ನುವವರಿಗೆ ಇದು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಸೋಲಿಗ ಬುಡಕಟ್ಟಿನವರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಎಚ್.ಡಿ. ಕೋಟೆ, ಸರಗೂರು ಕಡೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ. ಅದನ್ನು 1984ರಲ್ಲಿ ಕಟ್ಟಿದ್ದು ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು, ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಇನ್ನೂ ವಿದ್ಯಾರ್ಥಿಗಳಾಗಿದ್ದಾಗ. ಅಂದರೆ ಈಗ ಇದನ್ನು ಓದುತ್ತಿರುವ ನಿಮ್ಮ ವಯಸ್ಸಿನವರು.

ಇಂಥ ಕಡೆ ಒಬ್ಬ ಡಾಕ್ಟರ್ ಒಟ್ಟಿಗೆ ಎಷ್ಟು ಕೆಲಸ ಮಾಡಬಹುದು ಅನ್ನುವುದು ಕಾಣುತ್ತದೆ. ಬೆಳಿಗ್ಗೆ ಓಪಿಡಿ, ಮಧ್ಯಾಹ್ನ ಹಾಡಿಗೆ (ಬುಡಕಟ್ಟು ಜನರ ಪುಟ್ಟ ಊರಿಗೆ) ಭೇಟಿ, ರಾತ್ರಿ ಹೆರಿಗೆ. ಕುಡಗೋಲು ಕಣದ ರಕ್ತಹೀನತೆ (ಸಿಕಲ್ ಸೆಲ್) ಬುಡಕಟ್ಟು ಜನರಲ್ಲಿ ಇದೆ. ಮೈಕೈ ನೋವು ಅಂತ ಪದೇ ಪದೇ ಬರುವ ಮಗುವಿಗೆ ಬರೀ ನೋವಿನ ಮಾತ್ರೆ ಕೊಟ್ಟು ಕಳಿಸಬಾರದು ಅನ್ನುವುದು ಅಲ್ಲಿ ತಲೆಗೆ ಇಳಿಯುತ್ತದೆ. ಹಾಡಿಯ ಹೆಂಗಸು ಆಸ್ಪತ್ರೆಗೆ ಯಾಕೆ ಬರುವುದಿಲ್ಲ ಅನ್ನುವುದಕ್ಕೆ "ತಿಳಿವಳಿಕೆ ಇಲ್ಲ" ಅಂತ ಉತ್ತರ ಬರೆದು ಪಾಸಾದವರು ನಾವು. ಹಾಡಿಯಿಂದ ಬಸ್ ನಿಲ್ಲುವ ಜಾಗಕ್ಕೆ ನಡೆದು ನೋಡಿದರೆ, ಒಂದು ದಿನದ ಕೂಲಿ ಎಷ್ಟು ಅಂತ ಕೇಳಿದರೆ, ಹಿಂದೆ ಯಾವುದೋ ಆಸ್ಪತ್ರೆಯಲ್ಲಿ ಅವಳನ್ನು ಹೇಗೆ ಮಾತಾಡಿಸಿದ್ದರು ಅಂತ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

ತೊಡಕೇನಂದರೆ ಒಂದೆರಡು ವಾರಕ್ಕೆ ಹೋಗಿ ಬರುವುದರಿಂದ ಏನೂ ಪ್ರಯೋಜನ ಇಲ್ಲ. ಅಲ್ಲಿನವರ ಸಮಯ ಹಾಳು, ನಿಮಗೆ ನಾಲ್ಕು ಫೋಟೋ. ಮೊದಲೇ ಬರೆದು ಕೇಳಿ, ಅವರು ಹೇಳಿದಷ್ಟು ದಿನ ಇರಿ.

ನಮ್ಮ ಕ್ಲಿನಿಕ್, ನಗರದ ಆರೋಗ್ಯ ಕೇಂದ್ರ

ಬೆಂಗಳೂರಿನ ಕಾಲೇಜುಗಳ ಹುಡುಗರಿಗೆ ಹೆಚ್ಚಾಗಿ ಸಿಗುವುದು ಇದು. 'ನಮ್ಮ ಕ್ಲಿನಿಕ್' ಅನ್ನುವುದು ರಾಜ್ಯ ಸರ್ಕಾರ ನಗರಗಳಲ್ಲಿ ತೆರೆದ ಚಿಕ್ಕ ಚಿಕಿತ್ಸಾಲಯಗಳ ಹೆಸರು, 2022ರ ಡಿಸೆಂಬರಿನಲ್ಲಿ ಶುರುವಾದವು. ಬಿಪಿ, ಶುಗರ್ ರೋಗಿಗಳು ತಿಂಗಳು ತಿಂಗಳು ಬರುತ್ತಾರೆ, ಹಾಗಾಗಿ ನನ್ನ ಅಳತೆಗೆ ಪರವಾಗಿಲ್ಲ. ಕಷ್ಟ ಇರುವುದು ಕಟ್ಟಡ ಕೆಲಸದವರ ವಿಷಯದಲ್ಲಿ. ರಾಯಚೂರಿನಿಂದಲೋ ಯಾದಗಿರಿಯಿಂದಲೋ ಬಂದ ಕುಟುಂಬ ಈ ತಿಂಗಳು ಇಲ್ಲಿ, ಮುಂದಿನ ತಿಂಗಳು ಇನ್ನೊಂದು ಸೈಟಿನಲ್ಲಿ. ಮಗುವಿನ ಲಸಿಕೆ ಎಲ್ಲಿಗೆ ನಿಂತಿದೆ ಅಂತ ಹಿಡಿಯುವುದೇ ಸಾಹಸ. ಅದನ್ನು ಕಲಿಯಬೇಕು ಅನ್ನುವವರಿಗೆ ಒಳ್ಳೆಯ ಜಾಗ. ದಿನಾ ಹಾಸ್ಟೆಲಿನಿಂದ ಹೋಗಿ ಬರಬಹುದು ಅನ್ನುವ ಒಂದೇ ಕಾರಣಕ್ಕೆ ಆರಿಸಿಕೊಳ್ಳುವುದಾದರೆ ಬೇಡ.

ಯಾರಿಗೆ ಯಾವುದು

ಕನ್ನಡ ಸರಿಯಾಗಿ ಬರದವರು, ಕೇರಳದಿಂದಲೋ ಉತ್ತರದಿಂದಲೋ ಬಂದು ಇಲ್ಲಿ ಓದುತ್ತಿರುವವರು, ಪಿಎಚ್‌ಸಿಗೆ ಹೆದರುತ್ತಾರೆ. ನಾನಂತೂ ಅವರಿಗೇ ಮೊದಲು ಪಿಎಚ್‌ಸಿ ಹೇಳುತ್ತೇನೆ. ಹಳೇ ಸಿಸ್ಟರ್ ಒಬ್ಬರು ಇರುವ ಕಡೆ ಹೋಗಿ. ಎಂಟು ವಾರದಲ್ಲಿ "ಎಷ್ಟು ದಿನದಿಂದ", "ಊಟ ಸೇರುತ್ತಾ", "ಮಾತ್ರೆ ತಗೊಂಡ್ರಾ" ಅಂತ ಕೇಳಲು ಬರುತ್ತದೆ. ತಪ್ಪು ಕನ್ನಡಕ್ಕೆ ಹಳ್ಳಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಮಾತಾಡಿಸದೇ ಇರುವುದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ. ಕನ್ನಡದವರೇ ಆದರೂ ಬೇರೆ ಸೀಮೆಗೆ ಹೋದರೆ ಕಲಿಯುವುದು ಇದ್ದೇ ಇದೆ. ಮಂಡ್ಯದ ಹುಡುಗನಿಗೆ ವಿಜಯಪುರದಲ್ಲಿ "ಗುಳಿಗಿ ಕೊಡ್ರಿ" ಅಂದರೆ ಮಾತ್ರೆ ಅಂತ ಹೊಳೆಯಲು ಒಂದು ದಿನ ಬೇಕು.

ಪಿಜಿ ಪರೀಕ್ಷೆ ಓದುವವರಿಗೆ: ಪಿಎಚ್‌ಸಿಯಲ್ಲಿ ಸಂಜೆ ಓಪಿಡಿ ಮುಗಿದ ಮೇಲೆ ಊರು ಶಾಂತ. ಓದಲು ಮೂರು ಗಂಟೆ ಸಿಕ್ಕೇ ಸಿಗುತ್ತದೆ. ಹಗಲು ಮಾತ್ರ ರೋಗಿಗಳಿಗೆ ಕೊಡಿ. ಸರ್ಜರಿ ಕಡೆ ಮನಸ್ಸಿರುವವರು ತಾಲ್ಲೂಕು ಆಸ್ಪತ್ರೆಗೆ ವಾಲಿದರೆ ತಪ್ಪಿಲ್ಲ, ಆದರೂ ನಾಲ್ಕು ವಾರವಾದರೂ ಪಿಎಚ್‌ಸಿ ಇರಲಿ. ಆಪರೇಷನ್ ಆದ ಗಾಯ ಮನೆಯಲ್ಲಿ ಹೇಗೆ ವಾಸಿಯಾಗುತ್ತದೆ ಅಂತ ಸರ್ಜನ್‌ಗೂ ಗೊತ್ತಿರಬೇಕು.

ಇನ್ನೂ ಇಂಟರ್ನ್‌ಶಿಪ್‌ಗೆ ಬಾರದ ಚಿಕ್ಕ ತರಗತಿಯವರಿಗೆ ಒಂದು ಮಾತು. ನಿಮಗೆ ಮೊದಲ ವರ್ಷದಿಂದಲೇ ಕುಟುಂಬ ದತ್ತು ಕಾರ್ಯಕ್ರಮ ಇದೆ, ತಲಾ ಮೂರರಿಂದ ಐದು ಕುಟುಂಬ. ಅದನ್ನು ಲಾಗ್‌ಬುಕ್ ತುಂಬಿಸುವ ಕೆಲಸ ಮಾಡಿಕೊಳ್ಳಬೇಡಿ. ಅದೇ ಮನೆಗಳಿಗೆ ವರ್ಷಗಟ್ಟಲೆ ಹೋಗುವ ಅವಕಾಶ ಸರ್ಕಾರಿ ಡಾಕ್ಟರಿಗೂ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಎಂಬಿಬಿಎಸ್ ಆದ ಮೇಲೂ ಇದೇ ದಾರಿಯಲ್ಲಿ ಹೋಗಬೇಕು ಅನ್ನಿಸಿದರೆ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಮೂರು ವರ್ಷದ ಡಿಎನ್‌ಬಿ ಅನ್ನುವ ಸ್ನಾತಕೋತ್ತರ ಕೋರ್ಸ್ ಇದೆ. ಕೆಲಸ ಬಿಡಲು ಆಗದವರಿಗೆ ವೆಲ್ಲೂರಿನ ಸಿಎಂಸಿಯ ದೂರಶಿಕ್ಷಣದ ಡಿಪ್ಲೊಮಾ ಇದೆ. ಕಡ್ಡಾಯ ಗ್ರಾಮೀಣ ಸೇವೆಗೆ 2012ರ ರಾಜ್ಯದ ಕಾಯ್ದೆ ಇದೆ, ಆಮೇಲೆ ತಿದ್ದುಪಡಿಗಳೂ ಆಗಿವೆ. ನಿಮ್ಮ ಬ್ಯಾಚಿಗೆ ಏನು ಅನ್ವಯ ಅಂತ ಕಾಲೇಜಿನಲ್ಲಿ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಬಿದ್ದರೆ ಹೋಗಿ. ಆ ವರ್ಷವನ್ನು ಶಿಕ್ಷೆ ಅಂದುಕೊಂಡು ಕಳೆದವರನ್ನೂ ನೋಡಿದ್ದೇನೆ, ಆಮೇಲೆ ಅದೇ ಊರಿನಲ್ಲಿ ನಿಂತವರನ್ನೂ ನೋಡಿದ್ದೇನೆ.

ಎಲ್ಲಿಗೇ ಹೋದರೂ ಮೊದಲ ದಿನ ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ಹೋಗಿ. ಎಡಗಡೆ ರೋಗಿಯ ಓಪಿಡಿ ನಂಬರ್ ಮತ್ತು ನೀವು ಏನು ಅಂದುಕೊಂಡಿರಿ ಅನ್ನುವುದು. ಬಲಗಡೆ ಮತ್ತೆ ಬರಬೇಕಾದ ತಾರೀಖು. ಆ ತಾರೀಖಿಗೆ ಬಂದರೆ ಏನಾಯಿತು ಅಂತ ಎದುರಿಗೇ ಬರೆಯಿರಿ. ಬರದಿದ್ದರೆ ಆಶಾ ಅಕ್ಕನನ್ನು ಕೇಳಿ, ಅವರ ಜೊತೆ ಮನೆಗೆ ಹೋಗಿ. ಪುಸ್ತಕ ಹಾಸ್ಟೆಲಿಗೆ ತರಬೇಡಿ, ಅಲ್ಲೇ ಬೀರುವಿನಲ್ಲಿ ಇರಲಿ. ಪೋಸ್ಟಿಂಗ್ ಮುಗಿಯುವ ದಿನ ಇನ್ನೂ ಬರಬೇಕಾದವರ ತಾರೀಖಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಮುಂದಿನ ಬ್ಯಾಚಿನವರ ಕೈಗೆ ಕೊಟ್ಟು ಹೊರಡಿ.